ಅರ್ಧ ಬಟ್ಟಲು

ನಮ್ಮ ನರಿನ್ ಕಡೆ ಬಂದವರಿಗೆ ಚಹಾ
ಬಟ್ಟಲ ತುಂಬ ಸುರಿಯುವುದಿಲ್ಲ.
ಎರಡು ಗುಟುಕು, ಹೆಚ್ಚೆಂದರೆ ಮೂರು.
ಬರಿದಾದಷ್ಟು ಸಲ ಅವರು ಕೈ ಚಾಚಬೇಕು,
ಚಾಚಿದಷ್ಟು ಸಲ ನಾವು ಬಗ್ಗಬೇಕು,
ಹಾಗೇ ಇರುಳು ಬೆಳೆಯಬೇಕು.
ತುಂಬಿದ ಬಟ್ಟಲೆಂದರೆ
ಹೊರಗೆ ಕುದುರೆಗೆ ಜೀನು ಬಿಗಿದಾಗಿದೆ ಅಂತ.

ಅಜ್ಜಿ ಸಾಯ್ರಕಾನ್ ಕಲಿಸಿದ್ದು ಇನ್ನೂ ಉಂಟು:
ರೊಟ್ಟಿಯನ್ನು ಬೋರಲು ಇಡಬೇಡ.
ಬಾಗಿಲಿಗೆ ದೂರದ ಜಾಗ ಬಂದವರದು.
ತೊಳೆದ ಕೈ ಕೊಡವಿದರೆ ಕಂಡೂ ಕಾಣದಂತಿರು.
ಯಾಕೆ ಬಂದಿರಿ ಎಂದು ಮೂರು ದಿನ ಕೇಳಬೇಡ.
ನಾಲ್ಕನೆಯ ದಿನ? ಅಂದೆ.
ಅಷ್ಟರಲ್ಲಿ ಅವರೇ ಹೇಳಿರುತ್ತಾರೆ, ಅಂದಳು.

ಶಾರ್ಶೆನ್ ಹೇಳಲಿಲ್ಲ.
ಹಿಮ ಬಿದ್ದು ಘಟ್ಟ ಮುಚ್ಚುವ ಮುನ್ನ
ಕೊನೆಯ ಕಲ್ಲಿದ್ದಲ ಲಾರಿಯಲ್ಲಿ ಬಂದಿಳಿದ.
ಸೈನ್ಯದಲ್ಲಿ ಅಪ್ಪನ ಪಕ್ಕದ ಮಂಚದವನಂತೆ.
ಅಪ್ಪ ಸತ್ತು ಆಗಲೇ ಎರಡು ವರ್ಷ;
ಅವನಿಗೆ ಗೊತ್ತಿತ್ತೋ, ಹೊಸಿಲಲ್ಲಿ ಗೊತ್ತಾಯಿತೋ,
ಟೋಪಿ ತೆಗೆದು ಬಹಳ ಹೊತ್ತು ಹಿಡಿದುಕೊಂಡಿದ್ದ.

ನನ್ನ ಕೆಂಪು ಕೌದಿ ಅವನ ಪಾಲಾಯಿತು.
ನಾನು ಅಮ್ಮನಿಗೂ ಅಜ್ಜಿಗೂ ನಡುವೆ
ಒಬ್ಬರ ಮೊಣಕೈ, ಇನ್ನೊಬ್ಬರ ನಿಟ್ಟುಸಿರು.
ಗೋಡೆಯಾಚೆ ಅವನ ಕೆಮ್ಮು
ನಮ್ಮ ಮನೆಯ ಗಡಿಯಾರದಂತೆ ರೂಢಿಯಾಯಿತು.
ಒಲೆಯ ಬಾಗಿಲ ಕೀಲು ಸರಿ ಮಾಡಿದ.
ಕರುವಿಗೆ ಹೆಸರಿಟ್ಟ.
ಚೆನ್ನಾಗಿ ಉಂಡ.
ಹಿಟ್ಟಿನ ಚೀಲಕ್ಕೆ ಇಳಿದ ಅಮ್ಮನ ಕೈ
ದಿನಕ್ಕಿಷ್ಟು ಒಳಗೊಳಗೆ ಹೋಗಿ
ಏಳನೆಯ ದಿನ ಭುಜದವರೆಗೆ ಬಿಳುಪಾಯಿತು.

ಎಂಟನೆಯ ರಾತ್ರಿ ಅಮ್ಮ ಸುರಿದಳು,
ಸುರಿಯುತ್ತಲೇ ಇದ್ದಳು,
ಚಹಾ ಅಂಚಿಗೆ ಬಂದು ಉಬ್ಬಿ ನಿಂತಿತು.
ಅಜ್ಜಿಯ ಬಾಯಲ್ಲಿನ ತುತ್ತು ಅಲ್ಲೇ ಉಳಿಯಿತು.
ಅವನು ಎರಡೂ ಕೈಯಲ್ಲಿ ಎತ್ತಿದ,
ನಿದ್ದೆಗೂಸನ್ನು ಎತ್ತಿದ ಹಾಗೆ,
ಒಂದು ಹನಿ ಚೆಲ್ಲದೆ ಕೊನೆತನಕ ಕುಡಿದ.
ಚೆನ್ನಾಗಿದೆ, ತಂಗಿ, ಅಂದ.

ಬೆಳಗ್ಗೆ ಕೌದಿಗಳ ಅಟ್ಟಿಯ ಮೇಲೆ ನನ್ನ ಕೆಂಪು ಕೌದಿ,
ಮಡಿಕೆ ಹೊರಮುಖವಾಗಿ. ಅಪ್ಪ ಹಾಗೆ ಮಡಚುತ್ತಿದ್ದ.
ಹಿಮದ ಮೇಲೆ ಬೂಟಿನ ಗುರುತು ದೊಡ್ಡ ರಸ್ತೆಯವರೆಗೂ ಇತ್ತು,
ಮುಂದೆ ನಾನು ಹೋಗಲಿಲ್ಲ.

ಅಜ್ಜಿ ಅಮ್ಮನಿಗೆ ಒಂದು ಮಾತೂ ಆಡಲಿಲ್ಲ.
ಅಂದಿನಿಂದ ತಾನು ಸಾಯುವವರೆಗೆ
ಸೊಸೆಯ ಬಟ್ಟಲಿಗೆ ಎರಡೇ ಗುಟುಕು ಸುರಿದಳು.
ಅದು ಮರ್ಯಾದೆಯೋ,
ನೀನು ಈ ಮನೆಗೆ ಬಂದುಹೋಗುವವಳು ಎಂಬ ಮಾತೋ
ಅಮ್ಮ ಕೇಳಲಿಲ್ಲ. ಕುಡಿದಳು, ಕೈ ಚಾಚಿದಳು.

ಈಗ ನಾನು ಬಿಶ್ಕೆಕ್‌ನಲ್ಲಿ, ತಮ್ಮನ ಒಂಬತ್ತನೆಯ ಮಹಡಿಯಲ್ಲಿ.
ಹಲ್ಲು ಕಟ್ಟಿಸಲು ಬಂದವಳು; ಇವತ್ತಿಗೆ ಐದು ದಿನ.
ಅವನ ಮಗನ ಹಾಸಿಗೆ ನನಗೆ, ಅವನು ಸೋಫಾದಲ್ಲಿ
ಕಾಲು ಹೊರಗೆ ಚಾಚಿ ಮಲಗುತ್ತಾನೆ.
ಎದ್ದ ಕೂಡಲೇ ಹೊದಿಕೆ ಮಡಚುತ್ತೇನೆ,
ನಲ್ಲಿ ತೆಳ್ಳಗೆ ಬಿಡುತ್ತೇನೆ,
ಕನ್ನಡಿಯ ಮೇಲಿನ ನನ್ನ ಹನಿ ನಾನೇ ಒರೆಸುತ್ತೇನೆ.
ಅವನ ಹೆಂಡತಿ ಐಪೆರಿ
ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿ
ಚಹಾ ಸುರಿಯುತ್ತಾಳೆ. ಬಟ್ಟಲ ತುಂಬ.

ಪೇಟೆಯ ಹುಡುಗಿ. ಗೊತ್ತಿರಲಾರದು.
ಗೊತ್ತಿರಲೂಬಹುದು.

ಬಾಗಿಲ ಬಳಿ ನನ್ನ ಚೀಲ.
ಕುಡಿದು ಮುಗಿಸಿದೆ. ಇನ್ನೊಂದು? ಅಂದಳು.
ಅರ್ಧ ಸಾಕಮ್ಮ, ಅಂದೆ.
ಅವಳು ಕೆಟಲು ಹಿಡಿದು ನಿಂತು ನನ್ನ ಮುಖ ನೋಡಿದಳು,
ಫೋನು ಕೆಳಗಿಟ್ಟಳು,
ಅರ್ಧ ಸುರಿದಳು.