ಮೇಲಿನ ಮಂಚ

ಸೊಹಾರಿನ ಬಂದರಿನಲ್ಲಿ, ನಲವತ್ತು ಮೀಟರು ಎತ್ತರದ
ಗಾಜಿನ ಗೂಡಿನಲ್ಲಿ ಕೂತು ಕಂಟೇನರ್ ಎತ್ತುವವನಿಗೆ
ರೂಮಿನಲ್ಲೂ ಮೇಲಿನ ಮಂಚವೇ ಸೈ ಎಂದು
ಆರು ವರ್ಷದ ಹಿಂದೆ ತೀರ್ಮಾನವಾಗಿತ್ತು.
ಕೆಳಗಿನದು ಹಸನಬ್ಬನದು.

ನನ್ನ ಗೊರಕೆಗೆ ಅವರಿಟ್ಟ ಹೆಸರು ಟ್ರಾಲರ್ ಬೋಟು.
ನಾನೂ ನಗುತ್ತಿದ್ದೆ. ನನಗೇನು ಗೊತ್ತು,
ಅದನ್ನು ಕೇಳದವನು ಆ ಬಿಲ್ಡಿಂಗಿಗೆಲ್ಲ ನಾನೊಬ್ಬನೇ.

ಒಂದು ಮಧ್ಯಾಹ್ನ, ಉಕ್ಕಿನ ಹಗ್ಗದಲ್ಲಿ
ಪೆಟ್ಟಿಗೆ ತೂಗುತ್ತಿರುವಾಗಲೇ ಕಣ್ಣು ಮುಚ್ಚಿತು.
ಎರಡೇ ಸೆಕೆಂಡು. ಯಾರಿಗೂ ಏನೂ ಆಗಲಿಲ್ಲ.
ನಾನೇ ಹೋಗಿ ಹೇಳಿದೆ; ಹೇಳಿದ್ದಕ್ಕೆ ಕೆಳಗಿಳಿಸಿದರು.

ಮೈಗೆಲ್ಲ ತಂತಿ ಅಂಟಿಸಿ ಮಲಗಿಸಿದ ರಾತ್ರಿಯ ಕಾಗದ ಓದಿ
ಸಿಸ್ಟರ್ ಲಿಸಿಯಾಮ್ಮ ಅಂದರು: ಗಂಟೆಗೆ ನಲವತ್ತೊಂದು ಸಲ
ನಿಮ್ಮ ಉಸಿರು ನಿಲ್ಲುತ್ತದೆ. ಅಂಗಾತ ಮಲಗಿದರೆ ಇನ್ನೂ ಜಾಸ್ತಿ.
ನಲವತ್ತೊಂದು!
ನನ್ನ ಸಂಬಳದಲ್ಲೂ ಅಷ್ಟು ಸಲ ಕಡಿತ ಆಗಿರಲಿಲ್ಲ.

ಯಂತ್ರ ಬಂತು. ಮೊದಲ ರಾತ್ರಿ ಒತ್ತಡ ಹನ್ನೆರಡು.
ಬಾಯಿ ತೆರೆದು ಬೈಕಿನಲ್ಲಿ ಎದುರುಗಾಳಿಗೆ ಹೋದ ಹಾಗೆ;
ಬೆಳಗಾಗುವಾಗ ಹೊಟ್ಟೆ ಡೋಲಿನಂತೆ ಉಬ್ಬಿ
ಕ್ರೇನಿಲ್ಲದೆ ಮಂಚ ಇಳಿಯುವ ಹಾಗಿರಲಿಲ್ಲ.
ಸಿಸ್ಟರ್ ಆರಕ್ಕೆ ಇಳಿಸಿದರು, ಹನ್ನೊಂದಕ್ಕೆ ತಡೆ ಹಾಕಿದರು,
ನಿದ್ದೆ ಹತ್ತುವ ಇಪ್ಪತ್ತು ನಿಮಿಷ
ಮೆಲ್ಲ ಮೆಲ್ಲನೆ ಏರಲಿ ಅಂದರು.
ಭಾರ ಎತ್ತುವಾಗ ನಾನು ಮಾಡುವುದೂ ಅದೇ:
ಮೊದಲು ಹಗ್ಗ ಬಿಗಿಯಾಗಲಿ, ನೆಲ ಬಿಡುವುದು ಆಮೇಲೆ.

ಮಾಸ್ಕು ಮೂಗಿನ ಬುಡದಲ್ಲಿ ಬುಸ್ ಬುಸ್ ಎಂದು ಸೋರಿತು.
ತಪ್ಪು ಮೀಸೆಯದು. ಇಪ್ಪತ್ತೆರಡು ವರ್ಷದ ಮೀಸೆ ತೆಗೆದೆ.
ವಿಡಿಯೋದಲ್ಲಿ ಜಲಜ ಒಂದು ಗಳಿಗೆ ನೋಡಿ
ಯಾರು ಬೇಕಿತ್ತು? ಅಂದಳು.

ಕಪಾಟಿನ ಮೇಲಿಟ್ಟ ಯಂತ್ರದ ಆವಿ, ಏಸಿಯ ಚಳಿಗೆ
ಕೊಳವೆಯೊಳಗೇ ನೀರಾಗಿ ಮೂಗಿಗಿಳಿಯಿತು.
ವರ್ಷಕ್ಕೆ ನಾಲ್ಕು ಹನಿ ಮಳೆಯ ಊರಿನಲ್ಲಿ
ಮೊಗವೀರನ ಮಗ ಮಂಚದ ಮೇಲೆ ಮುಳುಗುತ್ತಿದ್ದ.
ಯಂತ್ರ ತಲೆಗಿಂತ ಕೆಳಗಿರಬೇಕಂತೆ.
ಕೆಳಗೆಂದರೆ ಹಸನಬ್ಬನ ತಲೆದಿಂಬಿನ ಪಕ್ಕ;
ಟೊಮೆಟೊ ಕ್ರೇಟು ಕವುಚಿ ಅವನೇ ಜಾಗ ಮಾಡಿದ.
ಏಸಿ ಇಪ್ಪತ್ತಮೂರಕ್ಕೆ ಏರಿದ್ದಕ್ಕೆ ಕಿಟಕಿ ಕಡೆಯ ಐತಪ್ಪ
ಎರಡು ವಾರ ಮಾತು ಬಿಟ್ಟ. ಆಮೇಲೆ
ಹಳೆ ಮಫ್ಲರು ಹೊಲಿದು ಕೊಳವೆಗೆ ಅಂಗಿ ತೊಡಿಸಿದ.

ನನ್ನ ಬನಿಯನ್ನಿನ ಬೆನ್ನಿಗೂ ಅವನದೇ ಒಂದು ಜೇಬು,
ಜೇಬಿನಲ್ಲಿ ಟೆನ್ನಿಸ್ ಚೆಂಡು, ಅಂಗಾತ ಹೊರಳಿದರೆ ಒತ್ತಲಿಕ್ಕೆ.
ಶುಕ್ರವಾರ ಪಾರ್ಕಿಂಗಿನ ಆಟಕ್ಕೂ ಅದೇ ಚೆಂಡು;
ಯಾರೋ ಸಿಕ್ಸರ್ ಹೊಡೆದು ಅದು ಕಳೆದ ರಾತ್ರಿ
ನಾನು ನೀರುಳ್ಳಿ ಇಟ್ಟುಕೊಂಡು ಮಲಗಿದೆ.

ಎಡಮಗ್ಗುಲು, ದಿಂಬು ಎರಡು, ಗಲ್ಲಕ್ಕೆ ಪಟ್ಟಿ.
ನಲವತ್ತೊಂದು ಹದಿನಾಲ್ಕಾಯಿತು, ಏಳಾಯಿತು, ಮೂರರಲ್ಲಿ ನಿಂತಿತು.
ನನ್ನನ್ನು ಮತ್ತೆ ಗೂಡಿಗೆ ಹತ್ತಿಸಿದರು.

ಹಸನಬ್ಬನ ನಿದ್ದೆ ಹೋದದ್ದು ಆಮೇಲೆ.
ಬಾಂಗಿಗೆ ಎಷ್ಟೋ ಮೊದಲೇ ಎದ್ದು ಚಹಾ ಕಾಸುತ್ತಿದ್ದವನನ್ನು
ಯಂತ್ರದ ಶಬ್ದವಾ ಎಂದು ಕೇಳಿದೆ.
'ಶಬ್ದ ಎಲ್ಲಿದೆ ವಾಮನಣ್ಣ.
ನಿಮ್ಮ ಉಸಿರು ನಿಂತಾಗೆಲ್ಲ ಎಣಿಸುತ್ತಿದ್ದೆ.
ಹದಿನೇಳರೊಳಗೆ ಬರುತ್ತಿತ್ತು. ಬರದಿದ್ದರೆ
ಹದಿನೆಂಟಕ್ಕೆ ಕೆಳಗಿನಿಂದ ಹಲಗೆಗೆ ಒಂದು ಒದೆ.
ಈಗ ಎಣಿಸಲಿಕ್ಕೆ ಏನೂ ಸಿಗುವುದಿಲ್ಲ.'

ಆರು ವರ್ಷ ಆ ಒದೆಗೆ ನಾನು
ತುಳುವಿನಲ್ಲೂ ಬ್ಯಾರಿಯಲ್ಲೂ ಬೈದದ್ದಿದೆ.

ಜೂನಿನ ಒಂದು ರಾತ್ರಿ ಇಡೀ ಬೀದಿಯ ಕರೆಂಟು ಹೋಯಿತು.
ಯಂತ್ರ ನಿಂತದ್ದು ನನಗೆ ತಿಳಿಯಲಿಲ್ಲ,
ಹಲಗೆ ಅದುರಿದ್ದು ತಿಳಿಯಿತು.
ಮಾಸ್ಕು ಕಿತ್ತು, ಬೆವರುತ್ತ ಎಡಕ್ಕೆ ಹೊರಳಿದೆ.
ಮತ್ತೆ ಅದುರಿತು. ಮತ್ತೆ.
ಎಷ್ಟು ಸಲವೋ.

ಆ ತಾರೀಖಿನ ಎದುರು ಯಂತ್ರದ ಲೆಕ್ಕದಲ್ಲಿ
ಒಂದು ಗಂಟೆ ಹನ್ನೆರಡು ನಿಮಿಷ, ಅಷ್ಟೇ.
ಉಳಿದ ರಾತ್ರಿ ಏನೂ ಇರಲಿಲ್ಲವಾ? ಎಂದರು ಸಿಸ್ಟರ್.
ಇತ್ತು ಎಂದೆ.
ಅವರು ಬರೆದುಕೊಳ್ಳಲಿಲ್ಲ.