ಒಂಟಿ ಚಪ್ಪಲಿಯ ಗಂಟೆ

ದೀಪಾವಳಿ ರಜೆ ಮುಗಿದ ಮರುದಿನ
ಕುಮಟೆಯಿಂದ ಪೆಟ್ಟಿಗೆ ಬಂತು
ತದಡಿಯ ತಾರಿಯಲ್ಲಿ,
ನಾಲ್ಕು ಬುಟ್ಟಿ ಮೀನು, ಒಂದು ಸ್ಕೂಟರು, ನಡುವೆ ಅದು.
ಒಳಗೆ ವೈರು, ಮೋಟಾರು, ಬಜರು, ಸೆಲ್ಲು,
ಯಾವುದೋ ಊರಿನ ಮಕ್ಕಳು
ಬಿಳೀ ಕೋಟು ತೊಟ್ಟು ನಗುವ ಒಂದು ಪುಸ್ತಕ.
ದಾಸ್ತಾನು ವಹಿಯಲ್ಲಿ ಏರಿಸಿ ಸಹಿ ಹಾಕಿದೆ,
ಕಪಾಟಿಗೆ ಬೀಗ ಹಾಕಿದೆ.
ನಿಜ ಹೇಳುತ್ತೇನೆ, ಹೆದರಿಕೆ.
ಫ್ಯೂಸು ಹೋದರೆ ಇವತ್ತಿಗೂ ನಾನು
ಪಕ್ಕದ ಮನೆಯವರನ್ನು ಕೂಗುವವಳು.

ಬೀಗ ತೆಗೆಸಿದವಳು
ನಾಲ್ಕನೇ ಇಯತ್ತೆಯ ನಿಕಿತಾ ಹರಿಕಂತ್ರ.
"ಅಕ್ಕೋರೇ, ನೀರು ಏರಿದ್ದು ಹೇಳೂವಂಥದ್ದು
ಏನಾದ್ರೂ ಉಂಟಾ ಅದ್ರಲ್ಲಿ?"
ಅವಳ ಅವ್ವಿ ಹೊಳೆಗಿಳಿಯುತ್ತಾಳೆ, ಬಳಚು ಹೆಕ್ಕಲು.
ಬಗ್ಗಿದ ಬೆನ್ನಿಗೆ ಕಣ್ಣಿಲ್ಲ.
ಭರತದ ನೀರು ಕಳ್ಳ ಬೆಕ್ಕಿನ ಹಾಗೆ
ಹಿಂದಿನಿಂದ ಬರುತ್ತದೆ.

ಪುಸ್ತಕದಲ್ಲಿ ಅದಿರಲಿಲ್ಲ.
ಇದ್ದದ್ದು ನೆಲ ಗುಡಿಸುವ ಕಾರು.
"ಇಲ್ಲಿ ಹೊಯ್ಗೆ ಗುಡಿಸಿ ಮುಗೀತದ್ಯಾ?" ಎಂದ ಬೀರು ಗೌಡ.
ಪುಸ್ತಕ ಮುಚ್ಚಿದೆವು.

ದಂಡೆಗೆ ಬಿದ್ದಿತ್ತು ಒಂದು ಹವಾಯಿ ಚಪ್ಪಲಿ,
ಎಡಗಾಲಿನದು. ಯಾರದೋ, ಎಲ್ಲಿಯದೋ, ತೇಲಿ ಬಂದದ್ದು.
ತೇಲುವುದು ಅದಕ್ಕೆ ಗೊತ್ತಿತ್ತು.
ಬೆನ್ನಿಗೆ ಚಾಕಲೇಟಿನ ಬೇಗಡೆ ಅಂಟಿಸಿ
ಬಿದಿರಿನ ಗಳಕ್ಕೆ ಸಡಿಲ ಬಳೆಯಿಂದ ಕಟ್ಟಿದರು.
ಮೇಲೆ ವೈರಿನ ಎರಡು ತುದಿ, ಕಾದ ಮೀಸೆಯ ಹಾಗೆ.
ಚಪ್ಪಲಿ ಏರಿ ಮುಟ್ಟಿದರೆ ಬಜರು ಕೂಗಬೇಕು.

ಕೂಗಲಿಲ್ಲ.
ಎರಡು ದಿನ ಕೂಗಲಿಲ್ಲ.
ಬಾಯಿಬಿಟ್ಟರೆ ತಪ್ಪು ಹೇಳಿಯೇನೆಂದು
ನಾನು ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತ ಕೂತೆ.
ಮೂರನೆಯ ದಿನ ಆಫ್ರೀನ್
ಸುಮ್ಮನೆ ಸೆಲ್ಲನ್ನು ತಿರುಗಿಸಿ ಹಾಕಿದಳು.
ಕಿರ್ರ್ರ್!
ಬಿಸಿಯೂಟದ ಗಿರಿಜಕ್ಕನ ಕೈಯಿಂದ
ಸೌಟು ಸಾರಿಗೆ ಬಿತ್ತು.
ಆ ದಿನ ಭಾಗಾಕಾರ ಆಗಲಿಲ್ಲ.

ಅಮಾವಾಸ್ಯೆಯ ಶನಿವಾರ, ದೊಡ್ಡ ಇಳಿತ.
ಗಳವನ್ನು ಹೊಳೆಯಲ್ಲಿ ಹುಗಿದೆವು.
ಹೆಂಗಸರು ಬುಟ್ಟಿ ತೇಲಬಿಟ್ಟು
ಕೆಸರೊಳಗೆ ಕಾಲಲ್ಲೇ ತಡಕುತ್ತಿದ್ದರು.
ಕಾದೆವು. ನೀರು ತಿರುಗಿತು.
ನಿಕಿತಾಳ ಅವ್ವಿ ಬುಟ್ಟಿ ಎತ್ತಿ
ಸೀರೆ ಹಿಂಡಿ
ದಂಡೆಗೆ ಬಂದು
ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟ ಮೇಲೆ
ಕೂಗಿತು ನಮ್ಮ ಚಪ್ಪಲಿ.

ಹೆಂಗಸರು ನಕ್ಕ ನಗೆಗೆ ಕೊಕ್ಕರೆ ಹಾರಿದವು.
ನಿಕಿತಾ ನಗಲಿಲ್ಲ.
"ನಿಂಗೆ ಹ್ಯಾಂಗೆ ಗೊತ್ತಾತು, ಅವ್ವಿ?"
"ಕಾಲಿಗೆ ಥಂಡಿ ಹತ್ತದೆ ಮಗಾ.
ಹೊಳೆ ನೀರು ಬೆಚ್ಚಗೆ, ಕಡಲ ನೀರು ಥಂಡಿ.
ಅದು ಅಡಿಯಿಂದ ಬತ್ತದೆ,
ಮೊದ್ಲು ಹೆಬ್ಬೆರಳಿಗೆ."

ಚಿಪ್ಪು ಕೊಯ್ದ ಗೀರುಗಳ ಆ ಕಾಲನ್ನು
ಹುಡುಗಿ ನೋಡಿದಳು,
ಪೆಟ್ಟಿಗೆ ತೆರೆದ ದಿನ
ಮೋಟಾರನ್ನು ನೋಡಿದ ಹಾಗೆ.
ಅಳತೆಪಟ್ಟಿ ತಂದಳು:
ಹೆಬ್ಬೆರಳಿಂದ ಹರಡಿಗೆ, ಹರಡಿಂದ ಮೊಣಕಾಲಿಗೆ.
"ಬಿಡೇ, ಕಚಗುಳಿ ಆಗ್ತದೆ!"
ಅಷ್ಟೂ ಹೆಂಗಸರ ಕಾಲು ಅಳೆದರು ಮೂವರೂ,
ಸರಾಸರಿ ಎಂದರೇನು ಅಂತ ಕೇಳಿಕೊಂಡು
ನನ್ನ ಹತ್ತಿರ ಓಡಿ ಬಂದರು.
ಅದು ಐದನೆಯದರ ಪಾಠ. ಹೇಳಿಕೊಟ್ಟೆ.

ಸೋಮವಾರ ವೈರು ಗಳದ ಮೇಲೆ
ಎರಡು ಗೇಣು ಕೆಳಗಿಳಿಯಿತು.
ಥಂಡಿ ಅಳೆಯಲು ಬೀರು
ಆರೋಗ್ಯ ಕೇಂದ್ರದಲ್ಲಿ ಜ್ವರದ ಕಡ್ಡಿ ಕೇಳಿದ.
ಹೊಳೆಗೆ ಜ್ವರವಾ ಎಂದು ಓಡಿಸಿದರಂತೆ.

ಈಗ ಮಾರ್ಚ್. ಖರ್ಚಾದದ್ದನ್ನು ಬರೆಯಬೇಕು.
ಸೆಲ್ಲು, ಎಂಟು.
ವೈರು, ಉಪ್ಪು ತಿಂದದ್ದು, ನಾಲ್ಕು ಮೀಟರು.
ಬಜರು, ಒಂದು. ಕೂಗುತ್ತದೆ, ಗಂಟಲು ಕಟ್ಟಿದೆ.
ಮೋಟಾರು ಹಾಗೆಯೇ ಇದೆ,
ಅದರ ಮೇಲೆ ಆಫ್ರೀನಳ ಕಣ್ಣಿದೆ.

ಚಪ್ಪಲಿಗೆ ಕಾಲಮಿಲ್ಲ.
ಮೊನ್ನೆಯ ಭರತಕ್ಕೆ ಕಿತ್ತು ಹೋಯಿತು ಅದು,
ಬಂದ ಕಡೆಗೇ ಹೋಯಿತೋ ಏನೋ.
ಸಂಜೆಯಿಡೀ ಮಕ್ಕಳು ದಂಡೆ ಜಾಲಾಡುತ್ತಿದ್ದಾರೆ.
ಬಲಗಾಲಿನವು ಮೂರು ಸಿಕ್ಕಿವೆ.
ಬೇಡವಂತೆ.
ಅಳತೆಯೆಲ್ಲ ಎಡಗಾಲಿನದಂತೆ.