ಸರಿಪಡಿಸಬೇಡಿ

ನಾನೂರ ಹನ್ನೆರಡನೇ ಸಾಲಿನಲ್ಲಿ ತಪ್ಪಿದೆ
ಎನ್ನುತ್ತದೆ ಯಂತ್ರ.
ಅಲ್ಲಿ ಏನೂ ಇಲ್ಲ. ಕಡತ ಮುಗಿದ ಜಾಗ ಅದು,
ಖಾಲಿ.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ರೂಬೆನ್ ಕಳಿಸಿದ ಕೋಡು. ಎರಡನೇ ವರ್ಷದ ಹುಡುಗ,
ತಾರ್ತುವಿನ ಬಸ್ಸುಗಳ ವೇಳೆ ಲೆಕ್ಕ ಹಾಕಲು ಹೊರಟವನು
ಎಲ್ಲೋ ಒಂದು ಪುಷ್ಪಾವರಣ ತೆರೆದು
ಮುಚ್ಚಲು ಮರೆತಿದ್ದಾನೆ.

ಎಣಿಸಿದರೆ ಸಿಗುವುದಿಲ್ಲ.
ತೆರೆದವು ಅರವತ್ತೊಂದು, ಮುಚ್ಚಿದವು ಅರವತ್ತು:
ಒಬ್ಬರು ಬಂದಿಲ್ಲ ಎನ್ನುತ್ತದೆ ಲೆಕ್ಕ,
ಯಾರು ಎನ್ನುವುದಿಲ್ಲ.

ನನ್ನ ಪಾರ್ಸರು ತೆರೆದದ್ದನ್ನೆಲ್ಲ
ತಟ್ಟೆಯ ಮೇಲೆ ತಟ್ಟೆಯಾಗಿ ಪೇರಿಸುತ್ತದೆ.
ಮುಚ್ಚುವುದು ಬಂದಾಗ ಮೇಲಿನದನ್ನೇ ಎತ್ತುತ್ತದೆ, ಪಾಪ,
ಇದೇ ಜೋಡಿ ಎಂದು ನಂಬಿ.
ಒಂದು ತಪ್ಪಿತೋ, ಅಲ್ಲಿಂದ ಮುಂದೆ
ಪ್ರತಿಯೊಬ್ಬರೂ ಪಕ್ಕದ ಮನೆಯ ಬಾಗಿಲು ಹಾಕುತ್ತಾರೆ,
ಎಲ್ಲ ಸರಿಯಾಗಿಯೇ ಕಾಣುತ್ತದೆ,
ಕೊನೆಗೆ ಬೀದಿಯ ಕದವೊಂದು
ಗಾಳಿಗೆ ಬಡಿದುಕೊಳ್ಳುವ ತನಕ.

ಆಮೇಲೆ ಅದಕ್ಕೆ ಅಂಚು ನೋಡಲು ಕಲಿಸಿದೆ.
ವ್ಯಾಕರಣದ ಲೆಕ್ಕಕ್ಕೇ ಬಾರದ ಖಾಲಿ ಜಾಗ,
ಸಾಲಿನ ಮೊದಲು ಹುಡುಗ ಬಿಡುತ್ತ ಹೋದ
ನಾಲ್ಕು, ಎಂಟು, ಹನ್ನೆರಡು ಅಕ್ಷರದಗಲ.
ಮರೆತದ್ದು ತಲೆ. ಎಷ್ಟು ಒಳಗಿದ್ದೇನೆಂದು
ಕೈಗೆ ಗೊತ್ತಿತ್ತು.
ಮೂವತ್ತೇಳನೇ ಸಾಲು: ಎಂಟರ ಬಾಗಿಲು ತೆರೆದೇ ಇರುವಾಗ
ನಾಲ್ಕರದು ಮುಚ್ಚಿದೆ.
ಇಲ್ಲದ ಆವರಣವನ್ನು ಇದೆಯೆಂದುಕೊಂಡು
ಪಾರ್ಸರು ಮುಂದೆ ನಡೆಯಿತು,
ಮುನ್ನೂರ ಎಪ್ಪತ್ತೈದು ಸಾಲು, ಎಡವದೆ.

(ಎಮಯೊಗಿ ಹೊಳೆಯ ದಂಡೆಯಲ್ಲಿ ಮೂರೂವರೆಗೇ ಕತ್ತಲು.
ಬೇಲಿಯ ಗೂಟಕ್ಕೆ ಯಾರೋ ಸಿಕ್ಕಿಸಿ ಹೋಗಿದ್ದಾರೆ
ಹಿಮದಲ್ಲಿ ಸಿಕ್ಕ ಕೆಂಪು ಕೈಗವಸು, ಒಂದೇ, ಎಡಗೈಯದು,
ಕಳಕೊಂಡವರು ಇದೇ ದಾರಿ ಬಂದಾರು ಎಂದು

ರೂಬೆನ್‌ಗೆ ಬರೆದೆ: ಮೂವತ್ತೇಳು.
ಥ್ಯಾಂಕ್ಸ್ ಎಂದ. ಆ ಭಾಗವನ್ನೇ ಅಳಿಸಿಬಿಟ್ಟನಂತೆ,
ಭಾನುವಾರದ ಬಸ್ಸು ಈಗ ಓಡುವುದಿಲ್ಲವಂತೆ.

ಕೋಡು ನನ್ನಲ್ಲಿ ಉಳಿಯಿತು, ಮುರಿದ ಹಾಗೆಯೇ,
ಪರೀಕ್ಷೆಯ ಕಡತಗಳ ನಡುವೆ. ನೆತ್ತಿಯ ಮೇಲೊಂದು ಟಿಪ್ಪಣಿ:
ಸರಿಪಡಿಸಬೇಡಿ.
ಹೊಸದಾಗಿ ಸೇರಿದ ಕೌಪೊ, ಅಚ್ಚುಕಟ್ಟಿನವನು,
ಸುಮ್ಮನೆ ತೆರೆದು ನೋಡಿದ್ದಾನೆ; ಅವನ ಎಡಿಟರು
ಕೇಳದೆಯೇ ಉಪಕಾರ ಮಾಡಿದೆ.
ಬೆಳಿಗ್ಗೆ ಬಂದರೆ ಪರೀಕ್ಷೆ ಫೇಲು.

ಅವನಿಗೆ ಏನೂ ಅನ್ನಲಿಲ್ಲ.
ಮೂವತ್ತೆಂಟಕ್ಕೆ ಹೋದೆ, ಟಿಪ್ಪಣಿಯ ದೆಸೆಯಿಂದ
ಎಲ್ಲ ಒಂದು ಸಾಲು ಕೆಳಗಿಳಿದಿತ್ತು.
ಆ ಒಂದನ್ನು ಮಾತ್ರ, ಅಕ್ಕಪಕ್ಕ ಅಲುಗದಂತೆ,
ತೆಗೆದೆ.